ಹತ್ತು ಕೋಟಿ ಅಣುಗಳನ್ನು ಬರೆದಿಡಬೇಕಿಲ್ಲ

ರಸಾಯನಶಾಸ್ತ್ರಜ್ಞ ಇವಾರ್ ಉಗಿ 1959ರಲ್ಲಿ ಪ್ರಕಟಿಸಿದ ರಾಸಾಯನಿಕ ಕ್ರಿಯೆಯಲ್ಲಿ ಅಮೀನ್, ಆಲ್ಡಿಹೈಡ್, ಕಾರ್ಬಾಕ್ಸಿಲಿಕ್ ಆಮ್ಲ, ಐಸೊಸಯನೈಡ್ ಎಂಬ ನಾಲ್ಕು ಬಗೆಯ ಪದಾರ್ಥಗಳೂ ಒಂದೇ ಪಾತ್ರೆಯಲ್ಲಿ ಕೂಡಿ ಒಂದು ಅಣುವಾಗುತ್ತವೆ. ಒಂದೊಂದರಲ್ಲೂ ನೂರು ಬಗೆ ತರಿಸಿದರೆ ಕೊಳ್ಳುವುದು 400 ಬಾಟಲಿ, ಆಗಬಹುದಾದ ಅಣುಗಳು 10 ಕೋಟಿ. ಔಷಧ ಹುಡುಕುವವರನ್ನು ಕಾಂಬಿನೇಟೋರಿಯಲ್ ಲೈಬ್ರರಿಗಳತ್ತ, ಅಂದರೆ ಹೀಗೆ ಜೋಡಣೆಗಳಿಂದ ಆಗುವ ಅಣುಗಳ ಸಂಗ್ರಹಗಳತ್ತ, ಸೆಳೆದದ್ದು ಈ ಗುಣಾಕಾರವೇ.

ಈ ಕೆಲಸಕ್ಕೆ ಹೊಸದಾಗಿ ಬಂದವರು ಮೊದಲು ಎಲ್ಲ ಅಣುಗಳನ್ನೂ ಕಂಪ್ಯೂಟರಿನಿಂದ ಬರೆಸಿ ಕಡತದಲ್ಲಿ ತುಂಬುತ್ತಾರೆ. ಅಣುವಿನ ರಚನೆಯನ್ನು ಅಕ್ಷರಗಳ ಸಾಲಾಗಿ ಬರೆಯುವ ಸ್ಮೈಲ್ಸ್ ಲಿಪಿಯಲ್ಲಿ ಅಣುವಿಗೆ 60 ಅಕ್ಷರವೆಂದರೆ ಸುಮಾರು 6 ಜಿಬಿ. ಡಿಸ್ಕಿಗೆ ಅದೇನೂ ಹೊರೆಯಲ್ಲ. ಆದರೆ ಯಾವ ಅಣು ಯಾವ ನಾಲ್ಕು ಬಾಟಲಿಗಳಿಂದ ಹುಟ್ಟಿತು ಎಂಬುದು ಆ ಪಟ್ಟಿಯಲ್ಲಿ ಉಳಿಯುವುದಿಲ್ಲ. ಲೈಬ್ರರಿಯೆಂದರೆ ನಾಲ್ಕು ಪಟ್ಟಿಗಳು ಮತ್ತು ಒಂದು ಕ್ರಿಯೆಯ ನಿಯಮ. ಕಂಪ್ಯೂಟರಿನೊಳಗೂ ಅದು ಹಾಗೆಯೇ ಇರಬೇಕು ಎಂಬುದು ನನ್ನ ದೃಢವಾದ ನಿಲುವು.

ಹಾಗಿಟ್ಟುಕೊಂಡರೆ ಎಷ್ಟೋ ಲೆಕ್ಕಗಳು ತಾವಾಗಿ ಹಗುರಾಗುತ್ತವೆ. ಉಗಿ ಕ್ರಿಯೆಯಲ್ಲಿ ಹೊರಬೀಳುವುದು ಒಂದು ನೀರಿನ ಅಣು ಮಾತ್ರ. ಆದ್ದರಿಂದ ನಾಲ್ಕರ ಅಣುತೂಕವನ್ನು ಕೂಡಿ 18 ಕಳೆದರೆ ಉತ್ಪನ್ನದ ತೂಕ ಸಿಕ್ಕಿತು. ನುಂಗುವ ಔಷಧಗಳಿಗೆ ಲಿಪಿನ್‌ಸ್ಕಿ 1997ರಲ್ಲಿ ಸೂಚಿಸಿದ ಅಣುತೂಕ 500ರ ಮಿತಿಯನ್ನು ಯಾವ ಜೋಡಣೆಗಳು ದಾಟುತ್ತವೆ ಎಂದು ತಿಳಿಯಲು 400 ಸಂಖ್ಯೆಗಳು ಸಾಕು.

ಲೈಬ್ರರಿಯನ್ನು ಚುಟುಕಾಗಿ ಬರೆಯುವ ಹಳೆಯ ಇನ್ನೊಂದು ಪದ್ಧತಿಯೂ ಇದೆ. ಯೂಜೀನ್ ಮಾರ್ಕುಶ್ 1924ರಲ್ಲಿ ಪಡೆದ ಬಣ್ಣಗಳ ಪೇಟೆಂಟಿನಿಂದ ಹೆಸರಾದ ಆ ಬರವಣಿಗೆಯಲ್ಲಿ ಎಲ್ಲ ಅಣುಗಳಲ್ಲೂ ಇರುವ ಒಂದು ತಿರುಳನ್ನು ಬರೆದು, ಅದಕ್ಕೆ ಅಂಟಬಹುದಾದ ಗುಂಪುಗಳನ್ನು ಪಕ್ಕದಲ್ಲಿ ಪಟ್ಟಿ ಮಾಡುತ್ತಾರೆ. ಪೇಟೆಂಟಿಗೆ ಅದು ಸೊಗಸಾಗಿ ಒಪ್ಪುತ್ತದೆ. ಪ್ರಯೋಗಾಲಯಕ್ಕೆ ಮಾತ್ರ ನಾನು ಕ್ರಿಯೆಯ ನಿಯಮವನ್ನೇ ಆರಿಸಿಕೊಳ್ಳುತ್ತೇನೆ, ಏಕೆಂದರೆ ಈ ಗುಂಪು ನಿಜವಾಗಿ ಅಲ್ಲಿ ಹೋಗಿ ಸೇರುತ್ತದೆಯೇ ಎಂಬ ಪ್ರಶ್ನೆಯನ್ನು ತಿರುಳಿನ ಚಿತ್ರ ಕೇಳುವುದೇ ಇಲ್ಲ.

ಈ ಪ್ರಶ್ನೆಗೆ ಎಷ್ಟು ಸಮಯ ಕೊಟ್ಟರೂ ವ್ಯರ್ಥವಲ್ಲ. ಅಮೀನ್‌ಗಳನ್ನು ಸೋಸಲು 'ಎರಡು ಹೈಡ್ರೊಜನ್ ಇರುವ ನೈಟ್ರೊಜನ್' ಎಂದಷ್ಟೇ ಸ್ಮಾರ್ಟ್ಸ್ ಸೂತ್ರ (ಅಣುಗಳಲ್ಲಿ ಬೇಕಾದ ತುಣುಕನ್ನು ಹುಡುಕುವ ಬರಹ) ಬರೆದರೆ ಅಮೈಡ್‌ಗಳೂ ಸಲ್ಫೊನಮೈಡ್‌ಗಳೂ ಜೊತೆಗೆ ಬರುತ್ತವೆ. ಅವು ಅಮೀನ್‌ನಂತೆ ವರ್ತಿಸುವುದಿಲ್ಲ. ಎರಡು ಅಮೀನ್ ತುದಿಗಳಿರುವ ಪದಾರ್ಥ ಯಾವ ತುದಿಯಿಂದ ಕೂಡಿತೋ ಹೇಳಲಾಗದು, ಎರಡೂ ಕಡೆ ಕೂಡಿದರೂ ಕೂಡೀತು. ಒಂದು ತುದಿ ಕೂಡದಂತೆ ತಾತ್ಕಾಲಿಕವಾಗಿ ಮುಚ್ಚುವ ರಕ್ಷಣಾ ಗುಂಪಿಲ್ಲದ ಅಮೈನೊ ಆಮ್ಲದಲ್ಲಿ ಅಮೀನೂ ಆಮ್ಲವೂ ಒಟ್ಟಿಗೇ ಇರುವುದರಿಂದ ಅದು ಎರಡೂ ಪಟ್ಟಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇನ್ನು ಆಲ್ಡಿಹೈಡಿನ ಕಾರ್ಬನ್ ಸಾಮಾನ್ಯವಾಗಿ ಹೊಸ ಕೈರಲ್ ಕೇಂದ್ರವಾಗುತ್ತದೆ, ಅಂದರೆ ಪಾತ್ರೆಯಲ್ಲಿ ಕನ್ನಡಿಬಿಂಬದಂಥ ಎಡ-ಬಲ ರೂಪಗಳೆರಡೂ ಇರುತ್ತವೆ. ಇದನ್ನೆಲ್ಲ ಗಮನಿಸದೆ ಕಂಪ್ಯೂಟರು ಒಂದೇ ಅಚ್ಚುಕಟ್ಟಾದ ರಚನೆ ಬರೆದರೆ, ಜೈವಿಕ ಪರೀಕ್ಷೆಯ ಫಲಿತಾಂಶ ಪಾತ್ರೆಯಲ್ಲಿ ಇಲ್ಲದ ಅಣುವಿನ ಹೆಸರಿಗೆ ಜಮೆಯಾಗುತ್ತದೆ. ತಿಂಗಳುಗಟ್ಟಲೆಯ ದುಡಿಮೆ ಆ ತಪ್ಪನ್ನೇ ನಂಬಿ ಸಾಗುತ್ತದೆ.

ಯಾವ ಬಾಟಲಿಗಳನ್ನು ಆರಿಸಬೇಕು ಎಂಬ ವಿಷಯಕ್ಕೆ ಬರೋಣ. ಉಗಿ ಕ್ರಿಯೆಗಿಂತ ಸರಳವಾದ, ಎರಡೇ ಪದಾರ್ಥಗಳು ಕೂಡುವ ಕ್ರಿಯೆಯನ್ನು ತೆಗೆದುಕೊಳ್ಳಿ. 96 ಕುಳಿಗಳ ತಟ್ಟೆಯಲ್ಲಿ 8 ಆಮ್ಲಗಳನ್ನು 12 ಅಮೀನ್‌ಗಳೊಂದಿಗೆ ಕೂಡಿಸಿದರೆ 20 ಬಾಟಲಿಗಳಲ್ಲಿ 96 ಅಮೈಡ್‌ಗಳಾಗುತ್ತವೆ. ಅತ್ಯುತ್ತಮ 96ನ್ನು ಬಿಡಿಬಿಡಿಯಾಗಿ ಆರಿಸಿದರೆ ನೂರಕ್ಕೂ ಹೆಚ್ಚು ಬಾಟಲಿ ಬೇಕಾಗಬಹುದು. ಬಾಟಲಿಗಳಲ್ಲೇ ವೈವಿಧ್ಯ ನೋಡಿ ಆರಿಸಿದರಾಯಿತು ಎಂಬ ಸುಲಭದ ದಾರಿಯನ್ನು ಗಿಲೆಟ್, ವಿಲೆಟ್ ಮತ್ತು ಬ್ರಾಡ್‌ಶಾ 1997ರಲ್ಲೇ ಪರೀಕ್ಷಿಸಿ, ಉತ್ಪನ್ನಗಳನ್ನು ನೋಡಿ ಆರಿಸಿದಾಗ ಲೈಬ್ರರಿಯಲ್ಲಿ ಹೆಚ್ಚು ವೈವಿಧ್ಯ ಸಿಗುತ್ತದೆ ಎಂದು ತೋರಿಸಿದರು. ಆದರೆ ನೂರು ಆಮ್ಲ, ನೂರು ಅಮೀನ್‌ಗಳಿಂದ ಇಂಥ ತಟ್ಟೆಯನ್ನು ಆರಿಸುವ ಬಗೆಗಳು 1ರ ಮುಂದೆ 26 ಸೊನ್ನೆಗಳನ್ನು ಮೀರುತ್ತವೆ. ಎಲ್ಲವನ್ನೂ ತೂಗಿ ನೋಡಲು ಯಾವ ಯಂತ್ರಕ್ಕೂ ಆಗದು. ಹಾಗಾಗಿ ಜೆನೆಟಿಕ್ ಅಲ್ಗಾರಿದಂ ಬಳಸುತ್ತೇವೆ. ಅದು ಕೆಲವು ತಟ್ಟೆಗಳನ್ನು ಊಹಿಸುತ್ತದೆ, ಅವುಗಳ ಉತ್ಪನ್ನಗಳನ್ನಷ್ಟೇ ಆ ಕ್ಷಣಕ್ಕೆ ಬರೆಯುತ್ತದೆ, ವೈವಿಧ್ಯ, ಅಣುತೂಕ, ಬೆಲೆಗಳಿಗೆ ಅಂಕ ಕೊಟ್ಟು ಕಡಿಮೆ ಅಂಕದ ತಟ್ಟೆಗಳನ್ನು ಕೈಬಿಡುತ್ತದೆ, ಉಳಿದವನ್ನು ಬೆರೆಸಿ, ಬದಲಿಸಿ ಮತ್ತೆ ಹೊಸ ತಟ್ಟೆಗಳನ್ನು ಊಹಿಸುತ್ತದೆ. ಬೆಲೆಗೆ ಎಷ್ಟು ಅಂಕ, ವೈವಿಧ್ಯಕ್ಕೆ ಎಷ್ಟು ಎಂಬುದನ್ನು ಮಾತ್ರ ಸಂಶ್ಲೇಷಣೆ ಮಾಡುವವರ ಜೊತೆ ಕುಳಿತೇ ತೀರ್ಮಾನಿಸಬೇಕು.