‘ನಷ್ಟ ಮತ್ತು ಹಾನಿ’ ಅಂದರೆ ಏನು? ಅದನ್ನು ‘ಪರಿಹಾರ’ ಅಂತ ಯಾಕೆ ಕರೆಯಲಿಲ್ಲ?

ಹವಾಮಾನ ಬದಲಾವಣೆಯ ಸುದ್ದಿ ಬಂದಾಗೆಲ್ಲ ‘ಲಾಸ್ ಅಂಡ್ ಡ್ಯಾಮೇಜ್’ ಅನ್ನೋ ಮಾತು ಕಿವಿಗೆ ಬೀಳುತ್ತದೆ. ಕನ್ನಡದಲ್ಲಿ ನಷ್ಟ ಮತ್ತು ಹಾನಿ. ಎರಡೂ ಒಂದೇ ಅಲ್ವಾ ಅನಿಸಬಹುದು, ಆದರೆ ಒಂದೇ ಅಲ್ಲ. ದುರಸ್ತಿ ಮಾಡಬಹುದಾದದ್ದು ಹಾನಿ: ಹಾರಿಹೋದ ತಗಡಿನ ಚಾವಣಿ, ಕುಸಿದ ಸೇತುವೆ. ಮರಳಿ ಬಾರದ್ದು ನಷ್ಟ: ಹೋದ ಜೀವ, ಕಡಲು ನುಂಗಿದ ಊರು.

ಆಫ್ರಿಕಾದ ಮೊಜಾಂಬಿಕ್ ದೇಶ ನೋಡಿ. 2019ರ ಮಾರ್ಚ್ 14ರ ರಾತ್ರಿ ಇಡಾಯ್ ಚಂಡಮಾರುತ ಬೈರಾ ಬಂದರಿಗೆ ಅಪ್ಪಳಿಸಿತು. ಮೆಕ್ಕೆಜೋಳ ಇನ್ನೇನು ಕೊಯ್ಲಿಗೆ ಬಂದಿತ್ತು. ಬುಜಿ, ಪುಂಗ್ವೆ ನದಿಗಳು ಉಕ್ಕಿ ಹೊಲವೆಲ್ಲ ಸಮುದ್ರದಂತಾಯಿತು, ಜನ ಮರ ಹತ್ತಿ, ಮನೆ ಮೇಲೆ ಹತ್ತಿ ಯಾರಾದರೂ ಬರುತ್ತಾರಾ ಅಂತ ದಿನಗಟ್ಟಲೆ ಕಾದರು. ಆ ಒಂದು ದೇಶದಲ್ಲೇ 600ಕ್ಕೂ ಜಾಸ್ತಿ ಜನ ಸತ್ತರು. ಮುಂದಿನ ತಿಂಗಳು ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸುಮಾರು 11.8 ಕೋಟಿ ಡಾಲರ್ ಕೊಟ್ಟಿತು, ಸಾಲವಾಗಿ. ಬಡ್ಡಿ ಇರಲಿಲ್ಲ, ನಿಜ. ಆದರೆ ಅಸಲು ತೀರಿಸಬೇಕಲ್ಲ! ಇಡೀ ಆಫ್ರಿಕಾ ಖಂಡವನ್ನು ಸೇರಿಸಿದರೂ ಜಗತ್ತಿನ ಇಂಗಾಲದ ಹೊಗೆಯಲ್ಲಿ ಅದರ ಪಾಲು ಶೇ 4ರ ಆಸುಪಾಸು. ಬೇರೆಯವರು ಹೊಗೆ ಬಿಟ್ಟದ್ದಕ್ಕೆ ಇವರು ಸಾಲ ಮಾಡಬೇಕಾ?

ಕಾನೂನು ಏನು ಹೇಳುತ್ತದೆ? ಹವಾಮಾನ ಬದಲಾವಣೆ ಬಗ್ಗೆ ದೇಶಗಳು ಮಾಡಿಕೊಂಡ 2015ರ ಪ್ಯಾರಿಸ್ ಒಪ್ಪಂದದ 8ನೇ ವಿಧಿ ಪೂರ್ತಿ ನಷ್ಟ ಮತ್ತು ಹಾನಿಯ ಬಗ್ಗೆಯೇ ಇದೆ. ಆದರೆ ಒಪ್ಪಂದದ ಜೊತೆಗೇ ಹೊರಬಂದ ನಿರ್ಣಯದಲ್ಲಿ, ಈ ವಿಧಿಯನ್ನು ಮುಂದಿಟ್ಟುಕೊಂಡು ಹೊಣೆ ಹೊರಿಸುವಂತಿಲ್ಲ, ಪರಿಹಾರ ಕೇಳುವಂತಿಲ್ಲ ಅಂತ ಬರೆದಿಟ್ಟರು. ನಮ್ಮಲ್ಲಿ ಬೆಳೆ ಹೋದರೆ ಮೊದಲು ಬಾಯಿಗೆ ಬರುವ ಮಾತೇ ‘ಪರಿಹಾರ’. ಶ್ರೀಮಂತ ದೇಶಗಳಿಗೆ ಬೇಡವಾಗಿದ್ದದ್ದು ಅದೇ ಪದ. ಪರಿಹಾರ ಕೊಟ್ಟರೆ ತಪ್ಪು ಒಪ್ಪಿಕೊಂಡ ಹಾಗೆ. ನೆರವು ಅಂದರೆ ಮನಸ್ಸು ಬಂದಾಗ, ಮನಸ್ಸು ಬಂದಷ್ಟು ಕೊಡಬಹುದು.

2022ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದಲ್ಲಿ ಇದಕ್ಕಾಗಿಯೇ ಒಂದು ನಿಧಿ ಮಾಡುವ ತೀರ್ಮಾನವಾಯಿತು. ಬಡ ದೇಶಗಳು ಮೂವತ್ತು ವರ್ಷ ಕೇಳಿದ ಮೇಲೆ! ಮರುವರ್ಷ ದುಬೈ ಸಮ್ಮೇಳನದಲ್ಲಿ ಈ ನಿಧಿಗೆ ದೇಶಗಳು ಕೊಡುತ್ತೇವೆಂದ ಹಣ ಸುಮಾರು 70 ಕೋಟಿ ಡಾಲರ್. 2019ರ ಎರಡು ಚಂಡಮಾರುತಗಳಿಂದ (ಇಡಾಯ್, ಅದರ ಬೆನ್ನಿಗೇ ಬಂದ ಕೆನೆತ್) ಚೇತರಿಸಿಕೊಳ್ಳಲು ಮೊಜಾಂಬಿಕ್ ಒಂದಕ್ಕೇ 320 ಕೋಟಿ ಡಾಲರ್ ಬೇಕಿತ್ತು.

2025ರ ಜುಲೈನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ತನ್ನ ಅಭಿಪ್ರಾಯ ಕೊಟ್ಟಿತು: ಹವಾಮಾನದ ವಿಷಯದಲ್ಲಿ ತನ್ನ ಕರ್ತವ್ಯ ಮುರಿದ ದೇಶ, ಅದರಿಂದ ನೊಂದ ದೇಶಕ್ಕೆ ಪರಿಹಾರ ಕೊಡಬೇಕಾಗಿ ಬರಬಹುದು. ಇದು ಸಲಹೆ, ಆದೇಶ ಅಲ್ಲ. ಆದರೂ ಪ್ಯಾರಿಸ್‌ನಲ್ಲಿ ಹೊರಗಿಟ್ಟಿದ್ದ ಪದವನ್ನು ಈಗ ಬೈರಾದ ಪರವಾಗಿ ಮಾತಾಡುವ ವಕೀಲರು ಕೋರ್ಟಿನಲ್ಲೇ ಎತ್ತಬಹುದು.