ಎಣ್ಣೆಯನ್ನು ಒಳಗೆಳೆಯುವ ತುಟಿ

ಮೊದಲ ಸಲ ಎಂಜಿನ್ ಬಿಚ್ಚಿ ಜೋಡಿಸಿದಾಗ ಪಿಸ್ಟನ್ ರಿಂಗು, ಬೇರಿಂಗುಗಳ ಬಗ್ಗೆ ನನಗಿದ್ದ ಭಯಭಕ್ತಿ, ತಿರುಗುವ ಶಾಫ್ಟಿನ ಸುತ್ತ ಕೂತು ಎಣ್ಣೆ ಹೊರಗೆ ಸೋರದಂತೆ ತಡೆಯುವ ಆಯಿಲ್ ಸೀಲಿನ ಮೇಲೆ ಇರಲಿಲ್ಲ. ರಬ್ಬರಿನ ಬಳೆ ತಾನೇ, ಜಾಗಕ್ಕಿಟ್ಟು ಎರಡು ಪೆಟ್ಟು ಕೊಟ್ಟರೆ ಮುಗಿಯಿತು ಅಂದುಕೊಂಡಿದ್ದೆ. ಸಾಲದ್ದಕ್ಕೆ, ಎಂಜಿನ್ನಿನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟಿನಲ್ಲಿ ಸೀಲು ಕೂರುವ ಜಾಗ ಮಂಕಾಗಿದೆಯೆಂದು, ಲೋಹ ಉಜ್ಜುವ ಎಮೆರಿ ಪಟ್ಟಿ ಸುತ್ತಿ, ಶಾಫ್ಟನ್ನು ತಿರುಗಿಸುತ್ತಾ, ಪಟ್ಟಿಯನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಸರಿಸುತ್ತಾ ಫಳಫಳ ಹೊಳೆಯಿಸಿದೆ. ವಾರದೊಳಗೆ ನೆಲದ ಮೇಲೆ ಎಣ್ಣೆಯ ಬೊಟ್ಟುಗಳು. ಹಳೆಯ ಸೀಲೇ ಇದಕ್ಕಿಂತ ಕಡಿಮೆ ಸೋರುತ್ತಿತ್ತು.

ಸೀಲನ್ನು ಅಡ್ಡಕ್ಕೆ ಕೊಯ್ದರೆ ಕಾಣುವುದು ಮೂರೇ ವಸ್ತು: ತಗಡಿನ ಕವಚ, ರಬ್ಬರಿನ ತುಟಿ, ತುಟಿಯ ಬೆನ್ನಿಗೆ ಸಣ್ಣ ಸ್ಪ್ರಿಂಗಿನ ಉಂಗುರ. ತುಟಿ ಶಾಫ್ಟನ್ನು ಮುಟ್ಟುವ ಪಟ್ಟಿಯ ಅಗಲ ಮಿಲಿಮೀಟರಿನ ಒಂದೆರಡು ಹತ್ತನೇ ಭಾಗ. 50 ಮಿಲಿಮೀಟರ್ ವ್ಯಾಸದ ಶಾಫ್ಟು ನಿಮಿಷಕ್ಕೆ 6000 ಸುತ್ತು ತಿರುಗಿದರೆ ಅದರ ಮೈ ಆ ತುಟಿಯಡಿ ಸೆಕೆಂಡಿಗೆ ಸುಮಾರು 16 ಮೀಟರ್, ಅಂದರೆ ಗಂಟೆಗೆ 57 ಕಿಲೋಮೀಟರ್ ವೇಗದಲ್ಲಿ ಉಜ್ಜಿಕೊಂಡು ಹೋಗುತ್ತದೆ. ಒಣ ರಬ್ಬರಾದರೆ ಬೇಗ ಸುಟ್ಟು ಗಟ್ಟಿಯಾಗಿ ಬಿರಿಯುತ್ತದೆ. ಸುಡದೆ ಉಳಿಯುವುದು ನಡುವೆ ಮೈಕ್ರಾನ್ (ಮಿಲಿಮೀಟರಿನ ಸಾವಿರದೊಂದು ಭಾಗ) ಲೆಕ್ಕದ ಎಣ್ಣೆಯ ಪೊರೆ ಇರುವುದರಿಂದ. ಎಣ್ಣೆ ತಡೆಯುವ ವಸ್ತುವಿನ ಅಡಿಯಲ್ಲೇ ಎಣ್ಣೆ!

ಆ ಪೊರೆ ಹೊರಗೆ ಹರಿದುಹೋಗದೆ ಯಾಕೆ ನಿಲ್ಲುತ್ತದೆ? ತುಟಿಗೆ ಎರಡು ಇಳಿಜಾರುಗಳಿವೆ, ಎಣ್ಣೆಯ ಕಡೆಯದು ಕಡಿದಾದದ್ದು, ಗಾಳಿಯ ಕಡೆಯದು, ಅಂದರೆ ಹೊರಬದಿಯದು, ಕಡಿಮೆ ಇಳಿಜಾರಿನದು. ಸ್ಪ್ರಿಂಗು ಕೂಡ ಅಂಚಿನ ನೇರಕ್ಕಿಲ್ಲ, ಗಾಳಿಯ ಕಡೆಗೆ ತುಸು ಸರಿದಿದೆ. ಹೀಗಾಗಿ ಒತ್ತಡ ಎಣ್ಣೆಯ ಬದಿಗೆ ಹತ್ತಿರದಲ್ಲಿ ಹೆಚ್ಚು. ತಿರುಗುವ ಶಾಫ್ಟು ರಬ್ಬರಿನ ಮೈಯನ್ನು ತನ್ನ ಜೊತೆ ಎಳೆಯುತ್ತದಲ್ಲ, ಒತ್ತಡ ಹೆಚ್ಚಿದ್ದಲ್ಲಿ ಎಳೆತವೂ ಹೆಚ್ಚು. ತುಟಿಯ ಮೇಲಿನ ಕಣ್ಣಿಗೆ ಕಾಣದ ಏಣುಗಳು ಓರೆಯಾಗಿ ಬಾಗಿ, ಎಣ್ಣೆಯನ್ನು ಒಳಕ್ಕೆ ತಳ್ಳುವ ಪುಟ್ಟ ರೆಕ್ಕೆಗಳಾಗುತ್ತವೆ. ಗಾಳಿಯ ಬದಿಗೆ ಎಣ್ಣೆ ಸವರಿ ಶಾಫ್ಟು ತಿರುಗಿಸಿದರೆ ಸರಿಯಾದ ಸೀಲು ಅದನ್ನೂ ಒಳಗೆಳೆದುಕೊಳ್ಳುತ್ತದೆ. ಬಿರಡೆಯೆಂದು ನಾನು ತಿಳಿದದ್ದು ಪಂಪು. ಸ್ಪ್ರಿಂಗು ಕಾಣುವ ಮುಖ ಎಣ್ಣೆಯ ಕಡೆಗಿರಬೇಕು. ತಿರುವುಮುರುವಾಗಿ ಕೂರಿಸಿದರೆ ಪಂಪು ಎಣ್ಣೆಯನ್ನು ಶ್ರದ್ಧೆಯಿಂದ ಹೊರಗೆ ಚೆಲ್ಲುತ್ತದೆ.

ನನ್ನ ಎಮೆರಿ ಕೆಲಸದ ಎಡವಟ್ಟೂ ಇಲ್ಲೇ ಇದೆ. ಪಟ್ಟಿ ಸರಿಸುತ್ತಾ ತಿರುಗಿಸಿದ್ದರಿಂದ ಶಾಫ್ಟಿನ ಮೇಲೆ ಸ್ಕ್ರೂವಿನ ಥ್ರೆಡ್ಡಿನಂಥ ಸುರುಳಿ ಗೆರೆಗಳು ಬಿದ್ದಿದ್ದವು. ಅದೂ ಒಂದು ಪಂಪು, ನನ್ನ ದುರದೃಷ್ಟಕ್ಕೆ ಹೊರಮುಖವಾಗಿ ಓಡುವಂಥದ್ದು. ಕಾರ್ಖಾನೆಯಲ್ಲಿ ಸಾಣೆಚಕ್ರವನ್ನು ಪಕ್ಕಕ್ಕೆ ಸರಿಸದೆ ನೇರವಾಗಿ ಒತ್ತಿ ಉಜ್ಜುವುದು ಈ ಸುರುಳಿ ಬೀಳದಿರಲೆಂದೇ. ಅಲ್ಲಿ ಸಾಮಾನ್ಯವಾಗಿ ಕೇಳುವ ಒರಟುತನ 0.2ರಿಂದ 0.8 ಮೈಕ್ರಾನ್. ಕನ್ನಡಿಯಂತೆ ನುಣುಪಾದರೂ ಕಷ್ಟ, ಎಣ್ಣೆ ನಿಲ್ಲಲು ಜಾಗವೇ ಇರುವುದಿಲ್ಲ.

ಈ ಸೀಲುಗಳ ವಂಶದಲ್ಲಿ ತೊಗಲೂ ಇದೆ. 1930ರ ದಶಕದಲ್ಲಿ ಇವನ್ನು ಬೆಳೆಸಿದವರಲ್ಲಿ ಮುಖ್ಯವಾದದ್ದು ಜರ್ಮನಿಯ ಫ್ರಾಯ್ಡೆನ್‌ಬರ್ಗ್, ಮೂಲತಃ ತೊಗಲು ಹದ ಮಾಡುತ್ತಿದ್ದ ಕಂಪನಿ. ತುಟಿಗೆ ಕೃತಕ ರಬ್ಬರು ಬಂದದ್ದು ಆಮೇಲೆ.

ಕೂರಿಸುವಾಗ ಸೀಲುಗಳು ಸಾಯುವುದು ಸುತ್ತಿಗೆಯಿಂದ ಮಾತ್ರವಲ್ಲ, ಶಾಫ್ಟಿನಲ್ಲಿ ಕೀ (ಚಕ್ರ ಜಾರದಂತೆ ಹಿಡಿಯುವ ಉಕ್ಕಿನ ತುಂಡು) ಕೂರುವ ತೋಡಿನ ಚೂಪು ಅಂಚಿನಿಂದಲೂ. ತುಟಿ ಅದರ ಮೇಲೆ ಜಾರುವಾಗ ಕೂದಲೆಳೆಯಷ್ಟು ಗಾಯವಾದರೂ ಸಾಕು. ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಸೀಲು ಜಾರಿಸಿ, ಹಾಳೆ ಎಳೆದು ತೆಗೆದರೆ ಆಯಿತು. ತುಟಿಗೆ ಎಂಜಿನ್ ಆಯಿಲ್ ಸವರಬೇಕು, ಮೊದಲ ಸ್ಟಾರ್ಟಿನ ಕೆಲವು ಸೆಕೆಂಡು ಅದೇ ಗತಿ. ಸ್ಪ್ರಿಂಗಿನ ಹಿಂದೆ ಚೂರು ಗ್ರೀಸು ಮೆತ್ತಿದರೆ ಪೆಟ್ಟಿಗೆ ಸ್ಪ್ರಿಂಗು ಹಾರುವುದಿಲ್ಲ. ಸೀಲಿನ ಹೊರಸುತ್ತಿಗೆ ಸರಿಹೊಂದುವ ಪೈಪಿನ ತುಂಡಿಟ್ಟು ನೇರವಾಗಿ ಇಳಿಸಬೇಕು. ಆದರೆ ಸ್ಪ್ರಿಂಗಿಲ್ಲದ ಟೆಫ್ಲಾನ್ ತುಟಿಯ ಸೀಲಿಗೆ ಈ ಎಣ್ಣೆಯ ನಿಯಮ ಉಲ್ಟಾ: ಬಹುತೇಕ ಅದನ್ನು ಒಣಗಿದ್ದಂತೆಯೇ ಹಾಕಬೇಕು, ಪ್ಯಾಕೆಟ್ಟಿನ ಮೇಲಿನ ಸೂಚನೆ ಓದದೆ ಕೈ ಹಾಕಬಾರದು.

ಸೀಲು ಕೂರುವ ಜಾಗದಲ್ಲಿ ಶಾಫ್ಟಿನ ಉದ್ದಕ್ಕೆ ಉಗುರು ಎಳೆಯಿರಿ. ಸಿಕ್ಕಿಕೊಂಡರೆ ಅಲ್ಲಿ ಗೀರುಗುಂಡಿಯಾಗಿದೆ. ಮೆತ್ತನೆ ರಬ್ಬರು ಉಕ್ಕನ್ನು ಸವೆಸುವುದು ಹೇಗೆಂದರೆ, ದೂಳಿನ ಕಣಗಳು ರಬ್ಬರಿನಲ್ಲಿ ಹೂತುಕೊಂಡು ಅರದಂತೆ ಕೆಲಸ ಮಾಡುತ್ತವೆ. ಕೂರುವ ಜಾಗದಲ್ಲಿ ಎಡೆಯಿದ್ದರೆ ಸೀಲನ್ನು ಒಂದು ಮಿಲಿಮೀಟರ್ ಆಚೀಚೆ ಇಡಬಹುದು, ಇಲ್ಲದಿದ್ದರೆ ತೆಳ್ಳನೆಯ ಉಕ್ಕಿನ ತೋಳನ್ನು (ಸ್ಲೀವ್ ಎಂಬ ಕೊಳವೆ) ಶಾಫ್ಟಿಗೆ ತೊಡಿಸಬೇಕು. ಎಲ್ಲ ಸರಿಯಿದ್ದೂ ಸೋರಿದರೆ ಎಂಜಿನ್ನಿನೊಳಗಿನ ಒತ್ತಡ ಹೊರಬಿಡುವ ಬ್ರೀದರ್ ಕೊಳವೆ ಕಟ್ಟಿಕೊಂಡಿದೆಯೇ ನೋಡಿ. ರಿಂಗು ದಾಟಿ ಇಳಿದ ಹೊಗೆಯ ಒತ್ತಡದ ಎದುರು ಈ ಪುಟ್ಟ ಪಂಪು ಸೋಲುತ್ತದೆ.

ನಾನು ತೋಳನ್ನೇ ತೊಡಿಸಿದೆ. ಹೊಸ ತುಟಿ ಪಳಗುವವರೆಗೆ ತುಸು ತೇವ ಸಹಜ. ಮೊದಲ ದಿನ ಸೀಲಿನ ಸುತ್ತ ಒರೆಸಿದ ಬಟ್ಟೆಗೆ ಎಣ್ಣೆಯ ಗೆರೆ ಹತ್ತಿತು. ಮೂರನೇ ದಿನ ಒರೆಸಿದಾಗ ಬಟ್ಟೆಗೆ ಹತ್ತಿದ್ದು ಬರೀ ದೂಳು.