ಮೊದಲು ಸೂರ್ಯ ಎಲ್ಲಿದ್ದಾನೆ ಹೇಳಿ

ಹೋದ ವಾರ ಒಬ್ಬ ಹುಡುಗ ತಾನು ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ ತೋರಿಸಲು ಬಂದಿದ್ದ. ಮಲೆನಾಡಿನ ಮನೆ, ಅಂಗಳ, ಅದರಾಚೆ ಅಡಿಕೆ ತೋಟ, ಹಿಂದೆ ಬೆಟ್ಟದ ಸಾಲು. ಒಂದೊಂದು ಹೆಂಚನ್ನೂ ತಾಳ್ಮೆಯಿಂದ ಮಾಡಿದ್ದ, ಪಾಚಿ ಹಿಡಿದದ್ದೂ ಕಾಣುತ್ತಿತ್ತು. ಆಕಾಶವನ್ನು ಮಾತ್ರ ಎಲ್ಲಿಂದಲೋ ಇಳಿಸಿಕೊಂಡು ಹಿಂದೆ ಅಂಟಿಸಿದ್ದ. “ಸರ್, ಏನೋ ಕೂತ್ಕೊಳ್ತಿಲ್ಲ” ಅಂದ. ಮೋಡಗಳ ಬಲ ಅಂಚು ಹೊಂಬಣ್ಣಕ್ಕೆ ತಿರುಗಿತ್ತು, ಅಂದರೆ ಸೂರ್ಯ ಬಲಕ್ಕೆ, ಮುಳುಗುವ ಹೊತ್ತು. ತುಳಸಿಕಟ್ಟೆಯ ನೆರಳು ಬಿದ್ದದ್ದೂ ಬಲಕ್ಕೇ, ಅದೂ ಗೇಣುದ್ದ. ಅಂಗಳದಲ್ಲಿ ಇನ್ನೂ ನಡುಹಗಲು!

ಸಿನಿಮಾ ಮತ್ತು ಗೇಮ್‌ಗಳಿಗೆ ಹಿನ್ನೆಲೆ ದೃಶ್ಯ ಮಾಡುವುದು ನನ್ನ ಕೆಲಸ. ನನ್ನ ಕೈಗೆ ಬರುವ ಚಿತ್ರಗಳಲ್ಲಿ ಹೆಚ್ಚಿನವು ಎಡವುವುದು ಇಲ್ಲೇ. ಹಗಲಿನ ಹೊರಾಂಗಣಕ್ಕೆ ಇರುವುದು ಎರಡೇ ದೀಪ, ಸೂರ್ಯ ಒಂದು, ಆಕಾಶ ಇನ್ನೊಂದು. ಆಕಾಶವನ್ನು ಕೊನೆಗೆ ತಂದು ಇಟ್ಟರೆ ಒಂದು ದೀಪ ಆರಿಸಿಟ್ಟೇ ಚಿತ್ರ ಮಾಡಿದ ಹಾಗೆ. ನಾನು ಶುರುಮಾಡುವುದು ಖಾಲಿ ನೆಲ, ಒಂದು ಬೂದು ಗೋಲ ಮತ್ತು ಆಕಾಶದಿಂದ. ಗೋಲದ ಮೇಲೆ ಬೆಳಕು ಸರಿ ಕಂಡ ಮೇಲೆಯೇ ಮನೆ, ಮರ.

ಇಂಥ ದೃಶ್ಯ ಕಟ್ಟುವ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ 2020ರ 2.90 ಆವೃತ್ತಿಯಿಂದ ನಿಶಿತಾ ಸ್ಕೈ ಅನ್ನುವ, ಲೆಕ್ಕದಿಂದಲೇ ಮೂಡುವ ಆಕಾಶ ಸಿಕ್ಕಿತು. ಜಪಾನಿನ ತೊಮೊಯುಕಿ ನಿಶಿತಾ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಲೆಕ್ಕವೇ ಅದರ ಬುಡ. ಅಲ್ಲಿ ಬಣ್ಣ ಆರಿಸಬೇಕಿಲ್ಲ, ಸೂರ್ಯನ ಎತ್ತರ ಕೊಟ್ಟರೆ ಸಾಕು. ಗಾಳಿಯಲ್ಲಿ 450 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕು 650ರ ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದುರುತ್ತದೆ. ಅದಕ್ಕೇ ನೆತ್ತಿಯ ಮೇಲೆ ಗಾಢ ನೀಲಿ. ದಿಗಂತದ ಕಡೆ ನೋಟ ಬಹಳ ಗಾಳಿಯನ್ನು ಹಾಯಬೇಕಾದ್ದರಿಂದ ಬಣ್ಣ ಬಿಳಚಿಕೊಳ್ಳುತ್ತದೆ. ಗಾಳಿಯ ಧೂಳಿನ ಅಂಕಿಯನ್ನು ಮಳೆ ಬಿಟ್ಟ ಮರುದಿನಕ್ಕೆ ಇಳಿಸಿ, ಮಾರ್ಚ್ ತಿಂಗಳ ಬಯಲುಸೀಮೆಗೆ ಏರಿಸಿ. ಮೋಡ ಮಾತ್ರ ಬೇರೆಯಾಗಿ ಸೇರಿಸಬೇಕು, ಫೋಟೊದಿಂದ ತಂದರೆ ಅದರ ಸೂರ್ಯನೂ ನಿಮ್ಮ ಸೂರ್ಯನೂ ಒಂದೇ ಕಡೆ ಇರಲಿ.

ಕಣ್ಣು ಪಳಗಬೇಕಾದದ್ದು ನೆರಳಿನಲ್ಲಿ. ಬಿಸಿಲಿಗೆ ಒಣಹಾಕಿದ ಬಿಳಿ ಪಂಚೆಯ ಮಡಿಕೆಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ಮಡಿಕೆಯ ಒಳಗೆ ಕಪ್ಪು ಇಲ್ಲ, ತಿಳಿನೀಲಿ ಇದೆ. ಸೂರ್ಯ ತಲುಪದ ಕಡೆ ಆಕಾಶ ಬೆಳಗುತ್ತಿದೆ. ಹಾಗೆಯೇ ಕೆಮ್ಮಣ್ಣಿನ ಅಂಗಳಕ್ಕೆ ಬಿಸಿಲು ಬಿದ್ದಾಗ ಸುಣ್ಣದ ಗೋಡೆಯ ಬುಡಕ್ಕೂ ಸೂರಿನ ಅಡಿಗೂ ಕೆಂಪು ಛಾಯೆ ಏರುತ್ತದೆ. ನೆರಳನ್ನು ಕಪ್ಪು ಬಣ್ಣ ಬಳಿದು ಮಾಡಿದರೆ ಇದೆಲ್ಲ ಸತ್ತುಹೋಗುತ್ತದೆ, ನನಗೆ ಅದನ್ನು ನೋಡಲು ನಿಜಕ್ಕೂ ಸಂಕಟ.

ನೆರಳಿನ ಅಂಚೂ ಅಷ್ಟೇ ಮುಖ್ಯ. ನಮ್ಮ ಕಣ್ಣಿಗೆ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ. ಹಾಗಾಗಿ ನೆತ್ತಿಯ ಬಿಸಿಲಿನಲ್ಲಿ 10 ಮೀಟರ್ ಎತ್ತರದ ಅಡಿಕೆ ಸೋಗೆಯ ನೆರಳು ನೆಲ ಮುಟ್ಟುವಾಗ ಅಂಚು 9 ಸೆಂಟಿಮೀಟರಿನಷ್ಟು ಮಸುಕಾಗಿರುತ್ತದೆ. ಅಂಗಳದಲ್ಲಿಟ್ಟ ಚೊಂಬಿನ ನೆರಳಿಗೆ ಅಂಚು ಚೂಪು. ತೋಟದೊಳಗೆ ಬೀಳುವ ಬೆಳಕಿನ ಬೊಟ್ಟುಗಳು ದುಂಡಗಿರುವುದೂ ಇದೇ ಕಾರಣಕ್ಕೆ, ಒಂದೊಂದೂ ಸೂರ್ಯನ ಬಿಂಬ. ಸಾಫ್ಟ್‌ವೇರಿನಲ್ಲಿ ಸೂರ್ಯನ ಗಾತ್ರವನ್ನು ಸೊನ್ನೆಗೆ ಇಳಿಸಿದವರ ತೋಟ ಕತ್ತರಿಸಿ ಅಂಟಿಸಿದ ಕಾಗದದಂತೆ ಕಾಣುತ್ತದೆ.

ಮಳೆಗಾಲಕ್ಕೆ ಲೆಕ್ಕ ತಲೆಕೆಳಗು. ತಿಳಿ ಆಕಾಶದಲ್ಲಿ ದಿಗಂತ ಬೆಳ್ಳಗೆ, ನೆತ್ತಿ ಗಾಢ. ದಟ್ಟ ಮೋಡ ಕವಿದಾಗ ನೆತ್ತಿಯೇ ಬೆಳ್ಳಗೆ. ಬೆಳಕಿನ ಲೆಕ್ಕದವರು ಬಳಸುವ ಅಂತರರಾಷ್ಟ್ರೀಯ ಮಾದರಿಯಲ್ಲಿ ಅದು ದಿಗಂತಕ್ಕಿಂತ ಮೂರು ಪಟ್ಟು ಪ್ರಕಾಶ. ಆಷಾಢದ ದೃಶ್ಯಕ್ಕೆ ಒಂದೇ ಬೂದು ಬಣ್ಣ ತುಂಬಿದರೆ ಚಿತ್ರ ಚಪ್ಪಟೆಯಾಗುವುದು ಅದಕ್ಕೇ. ಮೇಲಿನಿಂದ ಬೆಳಕು ಇಳಿಯಲಿ, ಜಗುಲಿಯ ಒಳಗು ಕಪ್ಪಾಗಲಿ, ಒದ್ದೆ ಹೆಂಚಿನ ಮೇಲೆ ಬಿಳಿ ಹೊಳಪು ತಾನಾಗಿ ಕೂರುತ್ತದೆ.

ಇನ್ನೊಂದು ಮಾತು ನಮ್ಮ ಅಕ್ಷಾಂಶದ್ದು. ಕಲಿಕೆಯ ವಿಡಿಯೊಗಳಲ್ಲಿ ಹೆಚ್ಚಿನವು ಯುರೋಪಿನ ಸಂಜೆಯನ್ನು ಕಲಿಸುತ್ತವೆ. ಕರ್ನಾಟಕದಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ದಿಗಂತದಿಂದ 6 ಡಿಗ್ರಿ ಮೇಲಿದ್ದವನು ಮುಳುಗಲು ಅರ್ಧ ಗಂಟೆಯೂ ಬೇಡ. ಜೂನ್ ತಿಂಗಳ ಲಂಡನ್ನಿನಲ್ಲಿ ಹತ್ತಿರ ಹತ್ತಿರ ಅದರ ಇಮ್ಮಡಿ ಹೊತ್ತು. ಏಪ್ರಿಲ್ ಕೊನೆಯ ವಾರದ ಬೆಂಗಳೂರಿನಲ್ಲಿ ಮಧ್ಯಾಹ್ನ ಕಂಬದ ನೆರಳು ಬುಡದಲ್ಲೇ ಅಡಗುತ್ತದೆ. ಅನಿಮೇಷನ್ ಮಾಡುವವರು ಇದನ್ನು ಮರೆತರೆ ಊರು ನಮ್ಮದು ಅನ್ನಿಸುವುದಿಲ್ಲ.

ಹುಡುಗನ ಚಿತ್ರಕ್ಕೆ ಬರೋಣ. ಅಂಟಿಸಿದ ಆಕಾಶವನ್ನು ತೆಗೆಸಿದೆ. ಸೂರ್ಯನನ್ನು ಬಲಕ್ಕೆ, 8 ಡಿಗ್ರಿ ಎತ್ತರಕ್ಕೆ ಇಟ್ಟೆವು. ಆ ಎತ್ತರದಲ್ಲಿ ನೆರಳು ವಸ್ತುವಿನ ಏಳು ಪಟ್ಟು ಉದ್ದ. ಒಂದು ಮೀಟರಿನ ತುಳಸಿಕಟ್ಟೆಯ ನೆರಳು ಅಂಗಳವನ್ನು ದಾಟಿ, ಜಗುಲಿಯ ಮೆಟ್ಟಿಲಿನಲ್ಲಿ ಮುರಿದು, ಗೋಡೆಯ ಮೇಲೆ ಎದ್ದು ನಿಂತಿತು. ಹುಡುಗ ಮಾತಾಡದೆ ಕುರ್ಚಿ ಹತ್ತಿರ ಎಳೆದುಕೊಂಡು, ಮೆಟ್ಟಿಲಿನ ಅಂಚು ತಿದ್ದಲು ಕೂತ.